ಕುಮಾರವ್ಯಾಸನ ತಟ್ಟೆಗೆ ಶೇಕಡಾ ಹತ್ತು

ಕೇಳಿದ್ರಾ? ನಮ್ಮ ಪಕ್ಕದ ಮನೆ ರಾಯರ ಮಗಳು ಕುಮಾರವ್ಯಾಸನನ್ನು ಪೇಟ್ರಿಯಾನ್‌ಗೆ ಹಾಕ್ತಾಳಂತೆ! ಕಾಂಪೌಂಡಿನ ಆಚೆಯಿಂದ ಕರಿಬೇವಿನ ಕೊಂಬೆ ದಾಟಿಸುತ್ತಾ ರಾಯರ ಮನೆಯಾಕೆ ಈ ಸುದ್ದಿ ಹೇಳಿದ ಧಾಟಿ ನೋಡಿದರೆ, ಹುಡುಗಿ ಆ ಗದುಗಿನ ಕವಿಯನ್ನು ಯಾವುದೋ ನರ್ಸಿಂಗ್ ಹೋಮಿಗೆ ಸೇರಿಸುತ್ತಿದ್ದಾಳೆ ಅನ್ನಬೇಕು. ಆಕೆಯದೇನೂ ತಪ್ಪಿಲ್ಲ ಬಿಡಿ. ಜಯನಗರದಲ್ಲಿ ಹೊಸದಾಗಿ ಏನು ಶುರುವಾದರೂ ಒಂದೋ ಅದು ಆಸ್ಪತ್ರೆ, ಇಲ್ಲವೇ ದೋಸೆ ಹೋಟೆಲು.

ಹುಡುಗಿಯ ಸಂಗತಿ ಇಷ್ಟು. ಚಿಕ್ಕಂದಿನಲ್ಲಿ ಗಮಕ ಕಲಿತವಳು. ವಾರವಿಡೀ ಬನ್ನೇರುಘಟ್ಟ ರಸ್ತೆಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕುಟ್ಟಿ, ಶನಿವಾರ ರಾತ್ರಿ ರೂಮಿನ ಕಿಟಕಿಗೆಲ್ಲ ರಜಾಯಿ ಕಟ್ಟಿ ಭಾರತ ಓದಿ ಯೂಟ್ಯೂಬಿಗೆ ಹಾಕುತ್ತಾಳೆ. ಕಂತಿಗೆ ಐದಾರು ಷಟ್ಪದಿ: ಮೊದಲು ಹಾಡೋದು, ಆಮೇಲೆ ಪದ ಬಿಡಿಸೋದು, ಕೊನೆಗೆ ಅರ್ಥ. ಹಗಲು ಹೊತ್ತು ರೆಕಾರ್ಡ್ ಮಾಡೋ ಹಾಗೇ ಇಲ್ಲ. ಎದುರಿನ ಹಳೇ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಿದ್ದಾರೆ. ಭೀಮ ಗದೆ ಎತ್ತುವ ಹೊತ್ತಿಗೆ ಸರಿಯಾಗಿ ಡ್ರಿಲ್ಲಿಂಗ್ ಮೆಷಿನ್ ಶುರು. ಕೇಳುವವರು ಸಾವಿರಗಟ್ಟಲೆ ಇದ್ದಾರೆ, ಲಕ್ಷಗಟ್ಟಲೆ ಇಲ್ಲ. ಬನಶಂಕರಿಯ ನಿವೃತ್ತರು, ಶಿವಮೊಗ್ಗದ ಮೇಷ್ಟರುಗಳು, ಕಾಸರಗೋಡಿನವರು, ಮತ್ತೆ ಅಮೆರಿಕದಲ್ಲಿ ಕಾರು ಓಡಿಸುತ್ತಾ ಕೇಳುವವರು.

ಯೂಟ್ಯೂಬಿನವರು ಜಾಹೀರಾತಿನ ಪಾಲು ಕೊಡಬೇಕಾದರೆ 1,000 ಚಂದಾದಾರರು ಇರಬೇಕು, ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು. ಅದನ್ನೆಲ್ಲ ಅವಳು ದಾಟಿದ್ದಾಳೆ. ದಾಟಿ ಸಿಕ್ಕಿದ್ದು ಮೈಕಿನ ಟೋಪಿಗೂ ಸಾಲದು. ಸಾಲದ್ದಕ್ಕೆ, ಅಭಿಮನ್ಯು ಚಕ್ರವ್ಯೂಹ ಹೊಕ್ಕ ಮರುಗಳಿಗೆ ಟರ್ಮ್ ಇನ್ಶೂರೆನ್ಸಿನ ಜಾಹೀರಾತು ಬಂತು. ಸಮಯಪ್ರಜ್ಞೆಯನ್ನು ಮೆಚ್ಚಬೇಕು, ಆದರೆ ಗಮಕಕ್ಕೆ ಅದು ಹೊಂದಲ್ಲ. ಎಡಿಟಿಂಗ್ ಮಾಡೋ ಬಿಟಿಎಂ ಲೇಔಟಿನ ಹುಡುಗನಿಗೆ ತಿಂಗಳಿಗೆ ಇಷ್ಟೂಂತ ಕೊಡಬೇಕು. ಹಾಗಾಗಿ ಕೇಳುಗರ ಹತ್ತಿರವೇ ಕೈ ಚಾಚೋಣ ಅಂತ ಹೊರಟಳು. ಯಾವ ತಾಣದ ಮೂಲಕ ಚಾಚಬೇಕು ಅನ್ನುವಲ್ಲಿ ಸಿಕ್ಕಿಕೊಂಡಳು. ಅಲ್ಲಿಗೆ ರಾಯರ ಪ್ರವೇಶ.

ರಾಯರು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ಡಾಲರು ಅಂದರೆ ಅವರಿಗೆ ಈಗಲೂ ಕಿವಿ ನೆಟ್ಟಗಾಗುತ್ತೆ. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಗೆರೆ ಎಳೆದು, ಒಂದೊಂದು ತಾಣಕ್ಕೂ ಒಂದೊಂದು ಪುಟ ತೆರೆದು, ಅದನ್ನು ಗೋಡೆಯ ಮೇಲಿಟ್ಟು ನನಗೆ ಪಾಠ ಶುರು ಮಾಡಿದರು.

"ನೋಡಿ, ಈ ಪೇಟ್ರಿಯಾನ್ ಇದೆಯಲ್ಲ, 2013ರದು. ಜ್ಯಾಕ್ ಕಾಂಟಿ ಅನ್ನೋ ಸಂಗೀತಗಾರ ಜಾಹೀರಾತಿನ ಚಿಲ್ಲರೆ ಕಂಡು ರೋಸಿಹೋಗಿ ಸ್ನೇಹಿತನ ಜೊತೆ ಸೇರಿ ಕಟ್ಟಿದ್ದು. ತಿಂಗಳು ತಿಂಗಳು ಕೊಡೋ ವ್ಯವಸ್ಥೆ. 2025ರ ಆಗಸ್ಟಿನಿಂದ ಈಚೆಗೆ ಸೇರಿದವರಿಗೆ ಶೇಕಡಾ 10 ಕಮಿಷನ್ನು. ಹಳಬರಿಗೆ ಹಳೇ ರೇಟು. ಒಬ್ಬ ಮೂರು ಡಾಲರ್ ಕೊಟ್ಟ ಅನ್ನಿ. ಮೂವತ್ತು ಸೆಂಟು ಇವರಿಗೆ. ಮೇಲೆ ಕಾರ್ಡಿನ ಖರ್ಚು ಬೇರೆ, ಅದರಲ್ಲಿ ಒಂದಿಷ್ಟು ಶೇಕಡಾವಾರು, ಒಂದಿಷ್ಟು ಕಡ್ಡಾಯ ಸೆಂಟು. ಸಣ್ಣ ಮೊತ್ತವಾದಷ್ಟೂ ಈ ಕಡ್ಡಾಯದ್ದೇ ಕಡಿತ ಜಾಸ್ತಿ. ಆಮೇಲೆ ಡಾಲರನ್ನು ರೂಪಾಯಿ ಮಾಡುವ ದರದಲ್ಲಿ ಇನ್ನೊಂದು ಕತ್ತರಿ. ಕೊಡೋನು ಐಫೋನಿನ ಆಪ್ ಒಳಗಿಂದಲೇ ಕೊಟ್ಟರೆ ಆಪಲ್‌ನವನದು ಶೇಕಡಾ 30!"

"ಯೂಟ್ಯೂಬಿನಲ್ಲೇ ಮೆಂಬರ್ಶಿಪ್ ಇದೆಯಲ್ಲ ಸಾರ್, ಜಾಯಿನ್ ಅಂತ ಬಟನ್ನು?"

"ಅಲ್ಲೂ 30 ಅವರಿಗೆ, 70 ನಮಗೆ. ನೂರು ರೂಪಾಯಲ್ಲಿ ಮೂವತ್ತು! ದೇವಸ್ಥಾನದಲ್ಲಿ ಭಾರತ ಓದಿದಾಗ ಆರತಿ ತಟ್ಟೆಗೆ ಹಾಕಿದ್ದು ಪೂರ್ತಿ ಗಮಕಿಗೆ ಹೋಗ್ತಿತ್ತು ಕಣ್ರೀ. ತಟ್ಟೆ ಹಿಡಿದವನು ಕಮಿಷನ್ ಕೇಳಿದ್ದು ನೋಡಿದ್ದೀರಾ?"

ನೋಡಿಲ್ಲ, ನಿಜ. ಆದರೆ ಆ ತಟ್ಟೆ ಅಮೆರಿಕದ ಎಡಿಸನ್‌ಗೂ ಫ್ರೀಮಾಂಟಿಗೂ ಹೋಗುತ್ತಿರಲಿಲ್ಲ ಅನ್ನುವುದೂ ನಿಜ. ನಾನು ಹಾಗೆಂದೆ. ರಾಯರು ಪುಟ ತಿರುವಿದರು.

ಮುಂದಿನ ಪುಟಗಳಲ್ಲಿ ಇದ್ದದ್ದು ನಿಜವಾದ ಹಾಸ್ಯ. ಕಿಕ್‌ಸ್ಟಾರ್ಟರ್, 2009ರಿಂದ ಇರುವ ಹೆಸರಾಂತ ತಾಣ. ಗುರಿ ಮುಟ್ಟಿದರೆ ದುಡ್ಡು, ಒಂದು ರೂಪಾಯಿ ಕಮ್ಮಿಯಾದರೂ ಯಾರ ಕಾರ್ಡಿನಿಂದಲೂ ಏನೂ ಕಡಿತವಾಗಲ್ಲ. ಇಲ್ಲಿ ಕೂತವರು ದುಡ್ಡು ಕೊಡಬಹುದು. ಆದರೆ ಯೋಜನೆ ಹಾಕಬಲ್ಲ ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲ. ಕೋ-ಫೈ ಅಂತ ಇನ್ನೊಂದಿದೆ, ಒಂದು ಸಲ ಕೊಟ್ಟು ಹೋಗುವ ಕಾಣಿಕೆಗೆ ಅದು ಕಮಿಷನ್ನೇ ಮುರಿಯಲ್ಲ. ರಾಯರು ಕುಣಿದಾಡಿಬಿಟ್ಟರು. ದುಡ್ಡು ಬರುವ ದಾರಿ ನೋಡಿದರೆ ಪೇಪಾಲ್ ಅಥವಾ ಸ್ಟ್ರೈಪ್. ಸ್ಟ್ರೈಪ್ 2024ರಿಂದ ಇಲ್ಲಿ ಕರೆದವರಿಗಷ್ಟೇ ಖಾತೆ ಕೊಡುತ್ತೆ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ವ್ಯವಹಾರವನ್ನೇ ನಿಲ್ಲಿಸಿದೆ, ಹೊರದೇಶದ್ದು ಮಾತ್ರ ಬರುತ್ತೆ. ಅಂದರೆ ನ್ಯೂಜೆರ್ಸಿಯಲ್ಲಿರುವವನು ಈ ಹುಡುಗಿಗೆ ಕಾಫಿ ಕೊಡಿಸಬಹುದು. ಒಂದೇ ಕಾಂಪೌಂಡು ಹಂಚಿಕೊಂಡ ನಾನು ಕೊಡಿಸೋ ಹಾಗಿಲ್ಲ! ಬೈ ಮಿ ಎ ಕಾಫಿ ಅನ್ನೋದನ್ನು ಕಟ್ಟಿದವರು ನಮ್ಮ ಪಕ್ಕದ ಕೇರಳದ ಹುಡುಗರೇ. ಶೇಕಡಾ 5 ಕಮಿಷನ್ನು. ಅಲ್ಲೂ ದುಡ್ಡು ಬರುವುದು ಸ್ಟ್ರೈಪಿನ ದಾರಿಯಲ್ಲೇ, ಹಾಗಾಗಿ ಅದರ ಪುಟಕ್ಕೂ ರಾಯರು ಅಡ್ಡಗೆರೆ ಎಳೆದಿದ್ದರು.

"ಹಾಗಾದರೆ ನಮ್ಮೂರಿನದೇ ಇದೆಯಲ್ಲ ಮಿಲಾಪ್?" ಅಂದೆ. 2010ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ಮೊದಮೊದಲು ಹಳ್ಳಿಗಳ ಸಣ್ಣ ಸಾಲಕ್ಕೆ ದುಡ್ಡು ಕೂಡಿಸುತ್ತಿದ್ದರು. ಮುಂಬೈಯ ಕೆಟ್ಟೋ 2012ರದು. ರಾಯರು ಉತ್ತರ ಕೊಡಲಿಲ್ಲ, ಮಗಳು ಕೊಟ್ಟಳು. ಎರಡನ್ನೂ ಒಂದು ಸಂಜೆ ಕೂತು ನೋಡಿದ್ದಳಂತೆ. ಪರದೆಯ ತುಂಬ ಐಸಿಯುನಲ್ಲಿರುವ ಹಸುಗೂಸುಗಳು, ಮೂಗಿಗೆ ನಳಿಕೆ, ಪಕ್ಕದಲ್ಲಿ ತಲೆ ಮೇಲೆ ಕೈಹೊತ್ತ ಅಪ್ಪ, ಕೆಳಗೆ ಎಷ್ಟು ದಿನ ಉಳಿದಿದೆ ಅನ್ನೋ ಲೆಕ್ಕ. "ಆ ಮಗುವಿನ ಪಕ್ಕದ ಚೌಕದಲ್ಲಿ ನಾನು ತಂಬೂರಿ ಹಿಡಕೊಂಡು ನಗ್ತಾ ಕೂತಿರ್ಬೇಕಾ ಅಂಕಲ್? ಕಂಡೆನ್ಸರ್ ಮೈಕ್ ಬೇಕು, ಸಹಾಯ ಮಾಡಿ ಅಂತ?" ಆ ತಾಣಗಳಲ್ಲಿ ಕಲೆಗೆ ಜಾಗವಿಲ್ಲ ಅಂತೇನಲ್ಲ. ಆದರೆ ಜನ ಅಲ್ಲಿಗೆ ಬರುವಾಗಲೇ ಯಾವುದಾದರೂ ಜೀವ ಉಳಿಸುವ ಮನಸ್ಸಿಟ್ಟುಕೊಂಡು ಬಂದಿರುತ್ತಾರೆ. ಅವರ ಮುಂದೆ ಭಾಮಿನಿ ಷಟ್ಪದಿ ಇಟ್ಟರೆ ಷಟ್ಪದಿಗೂ ಮುಜುಗರ, ಅವರಿಗೂ ಮುಜುಗರ.

ಈ ಮಾತಿನ ನಂತರ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು ನನ್ನ ಪುರಾಣ ಬಿಚ್ಚಿದೆ. ಗೋಡೆ ಆಚೆಗಿನವರು ಅಂಕಿ ತೆಗೆದರೆ ಈಚೆಗಿನವರು ಇತಿಹಾಸ ತೆಗೆಯಬೇಕು, ಇಲ್ಲದಿದ್ದರೆ ಹರಟೆಯ ತಕ್ಕಡಿ ತೂಗಲ್ಲ.

ಕೈ ಚಾಚುವುದು ಕನ್ನಡಕ್ಕೆ ಹೊಸದೇನೂ ಅಲ್ಲ ರಾಯರೇ, ಅಂದೆ. ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಪ್ಲಾಟ್‌ಫಾರ್ಮೂ ಅವರೇ, ಡೆಲಿವರಿಯೂ ಅವರೇ. ಅದಾದ ಮೇಲೆ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗ ಮೊದಲೇ ಚಂದಾ ಕಟ್ಟಬೇಕು, ಪುಸ್ತಕ ಬಂದ ಹಾಗೆ ಮನೆಗೆ ಕಳಿಸುತ್ತಾರೆ. ಇವತ್ತು ಕ್ಯಾಲಿಫೋರ್ನಿಯಾದವರು ಮಹಾ ಶೋಧನೆಯೆಂಬಂತೆ ಹೇಳುವುದು ಇದನ್ನೇ. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಹೊರಬಂದದ್ದು ಆ ಮಾಲೆಯಲ್ಲೇ. ಅದೇ ಕಾರ್ನಾಡರು 1976ರ ಹಿಂದಿ 'ಮಂಥನ್'ನಲ್ಲಿ ಹಾಲಿನ ಸೊಸೈಟಿ ಕಟ್ಟಲು ಬರುವ ಡಾಕ್ಟರ್ ಆದರು. ಆ ಸಿನಿಮಾಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ದುಡ್ಡು ಕೂಡಿಸಿದ್ದರು. ಪೇಟ್ರಿಯಾನ್ ಮಾದರಿ, ಕಿಕ್‌ಸ್ಟಾರ್ಟರ್ ಮಾದರಿ ಎರಡೂ ಒಬ್ಬರ ಬದುಕಿನಲ್ಲೇ ಬಂದುಹೋದವು!

"ಹಳೇದು ಬಿಡಿ, ಇಂಟರ್ನೆಟ್ಟಿನದು ಹೇಳಿ," ಅಂದರು ರಾಯರು. ಅದೂ ಇದೆ. 'ಲೂಸಿಯಾ'. ಪವನ್ ಕುಮಾರ್ ಆಗಷ್ಟೇ 'ಲೈಫು ಇಷ್ಟೇನೇ' ಮಾಡಿದ್ದರು. ಹೊಸ ಕತೆಗೆ ನಿರ್ಮಾಪಕರು ಸಿಗದೆ, ಬೇಸರವನ್ನೆಲ್ಲ ಬ್ಲಾಗಿನಲ್ಲಿ ಬರೆದು ಹಾಕಿದರು. ಓದಿದ ಜನ, ನಾವು ಕೊಡ್ತೀವಿ ಅಂದರು. 27 ದಿನದಲ್ಲಿ 110 ಜನರಿಂದ ಐವತ್ತು ಲಕ್ಷ ರೂಪಾಯಿಗೂ ಮೇಲೆ ಸೇರಿತು. 2013ರ ಜುಲೈಯಲ್ಲಿ ಲಂಡನ್ ಇಂಡಿಯನ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ, ಸೆಪ್ಟೆಂಬರಿನಲ್ಲಿ ಇಲ್ಲಿ ಬಿಡುಗಡೆ. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ದುಡ್ಡು ತಂದದ್ದು ಯಾವುದೋ ಹೆಸರಾಂತ ತಾಣವಲ್ಲ, ಒಂದು ಬ್ಲಾಗು ಮತ್ತು ಫೇಸ್‌ಬುಕ್ಕು. ತಾಣದ ಮೂಲಕ ಗೆದ್ದದ್ದೂ ಉಂಟು. ಬೆಂಗಳೂರಿನ ರವಿಶಂಕರ್ ನಮ್ಮ ಗೋವಿನ ಹಾಡನ್ನೇ 'ಪುಣ್ಯಕೋಟಿ' ಅಂತ ಸಂಸ್ಕೃತದ ಅನಿಮೇಷನ್ ಚಿತ್ರ ಮಾಡಲು ಹೊರಟಾಗ ಮುಂಬೈಯ ವಿಶ್‌ಬೆರಿಯಲ್ಲಿ ದುಡ್ಡು ಕೂಡಿಸಿದರು. ಸಂಗೀತ ಇಳಯರಾಜ. ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು.

"ಲೂಸಿಯಾದ ಹಾಗೆ ಪಾಲು ಕೊಡ್ತೀನಿ ಅಂತ ಕೇಳಿಬಿಟ್ಟರೆ?" ಹುಡುಗಿ ಕೇಳಿದಳು. ರಾಯರ ಮುಖ ಬ್ಯಾಂಕಿನ ಮುಖವಾಯಿತು. ಲಾಭದಲ್ಲಿ ಪಾಲು ಅಂದ ಕ್ಷಣ ಅದು ಹೂಡಿಕೆಯಾಗುತ್ತೆ. ಆಗ ಷೇರುಪೇಟೆ ಕಾಯುವ ಸೆಬಿ ಬರುತ್ತೆ. 2014ರಲ್ಲಿ ಸೆಬಿಯವರು ಈ ಬಗ್ಗೆ ಒಂದು ಚರ್ಚಾಪತ್ರ ಹೊರಡಿಸಿದರು, ಅದು ನಿಯಮವಾಗಿ ಬರಲೇ ಇಲ್ಲ. "ಅದೂ ಅಲ್ಲದೆ, ಕುಮಾರವ್ಯಾಸನಲ್ಲಿ ಲಾಭ ಎಲ್ಲಿಂದ ಬರಬೇಕಮ್ಮ? ಅವನು ಮೊದಲ ಹತ್ತು ಪರ್ವ ಬರೆದು ನಿಲ್ಲಿಸಿದ. ನಿನ್ನ ಹೂಡಿಕೆದಾರರು ಉಳಿದ ಎಂಟು ಎಲ್ಲಿ ಅಂತ ನೋಟೀಸು ಕೊಟ್ಟಾರು!"

ಅವರ ಲೆಡ್ಜರಿನಲ್ಲಿ ಕಮ್ಮಿ ಖರ್ಚಿನ ದಾರಿ ಯಾವುದು ಅಂತ ನೀವು ಆಗಲೇ ಊಹಿಸಿರುತ್ತೀರಿ. ಯುಪಿಐ. ಕ್ಯೂಆರ್ ಕೋಡು ಪರದೆಯ ಮೂಲೆಯಲ್ಲಿ ಹಾಕಿದರೆ ಮುಗಿಯಿತು. 4ನೇ ಬ್ಲಾಕಿನ ಕಾಂಪ್ಲೆಕ್ಸ್ ಮುಂದೆ ಸೇವಂತಿಗೆ ಮೊಳ ಹಾಕುವಾಕೆಯ ಹತ್ತಿರ ಇರುವ ಅದೇ ಕೋಡು. 2020ರ ಜನವರಿಯಿಂದ ಅದಕ್ಕೆ ವ್ಯಾಪಾರಿ ಶುಲ್ಕವೇ ಇಲ್ಲ. ನೂರು ಕೊಟ್ಟರೆ ನೂರೂ ಬರುತ್ತೆ. ಸ್ವಲ್ಪ ಅಚ್ಚುಕಟ್ಟು ಬೇಕೆಂದರೆ ನಮ್ಮೂರಿನದೇ ರೇಜರ್‌ಪೇ ಇದೆ, ಒಂದು ಪುಟ ಮಾಡಿಕೊಡುತ್ತಾರೆ, ಸುಮಾರು ಶೇಕಡಾ 2, ಆ ಎರಡರ ಮೇಲೆ ಜಿಎಸ್‌ಟಿ. ಹತ್ತು ಎಲ್ಲಿ, ಎರಡು ಎಲ್ಲಿ, ಸೊನ್ನೆ ಎಲ್ಲಿ! ರಾಯರು ಪೆನ್ನು ಮುಚ್ಚಿ, ತೀರ್ಪು ಕೊಟ್ಟಾಯಿತು ಅನ್ನುವಂತೆ ನನ್ನನ್ನು ನೋಡಿದರು.

ನನಗೆ ತಕರಾರು ಇದ್ದದ್ದು ಅಲ್ಲೇ. ಬರೀ ಕ್ಯೂಆರ್ ಹಾಕಿದರೆ ಕೊಡುವವರು ಒಂದು ಸಲ ಕೊಡುತ್ತಾರೆ. ಕರ್ಣನ ಪ್ರಸಂಗ ಕೇಳಿ ಕಣ್ಣು ಒದ್ದೆಯಾದ ದಿನ ಐನೂರು ಬರುತ್ತೆ. ಮುಂದಿನ ತಿಂಗಳು ಎಡಿಟಿಂಗ್ ಹುಡುಗನಿಗೆ ಸಂಬಳ ಕೊಡುವ ದಿನ ಯಾರ ಕಣ್ಣೂ ಒದ್ದೆಯಾಗಿರಲ್ಲ. ಆಗ ಇವಳೇ ಬಾಯಿಬಿಟ್ಟು ಕೇಳಬೇಕು. ಅದೇ ಆಗದ ಕೆಲಸ. ನಮ್ಮ ಜನ ಗಣಪತಿಗೆ ರಸೀದಿ ಪುಸ್ತಕ ಹಿಡಿದು ಗೇಟಿನ ಹತ್ತಿರ ನಿಂತರೆ, ಸಾವಿರಕ್ಕೆ ಕಮ್ಮಿ ಬರೆದವರನ್ನು ನೋಡುವ ನೋಟವೇ ಬೇರೆ. ದೇವರಿಗೆ, ಸಂಘಕ್ಕೆ, ಕಟ್ಟಡಕ್ಕೆ ಕೇಳಲು ನಾಲಿಗೆ ಸರಾಗ. ಜೆ.ಪಿ. ನಗರದ ರಂಗಶಂಕರವನ್ನೇ ನೋಡಿ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ, ಸರಕಾರವನ್ನೂ ಕಂಪನಿಗಳನ್ನೂ ಅಭಿಮಾನಿಗಳನ್ನೂ ಕೇಳಿ ದುಡ್ಡು ತಂದು ಕಟ್ಟಿದ್ದು. 2004ರಲ್ಲಿ ಬಾಗಿಲು ತೆರೆಯಿತು. ಅವರು ಕೇಳಿದ್ದು ರಂಗಮಂದಿರಕ್ಕೆ. ಅದೇ ನನ್ನ ಕೆಲಸಕ್ಕೆ, ನನ್ನ ಹೊತ್ತಿಗೆ, ನನ್ನ ಗಂಟಲಿಗೆ ಇಷ್ಟು ಕೊಡಿ ಅನ್ನುವುದಿದೆಯಲ್ಲ, ಅದು ಸಾಫ್ಟ್‌ವೇರ್ ಸಂಬಳ ಎಣಿಸುವ ಹುಡುಗಿಗೂ ಬಾಯಲ್ಲಿ ಬರಲ್ಲ. ಪೇಟ್ರಿಯಾನ್‌ನವನು ಮುರಿಯುವ ಆ ಹತ್ತು ಪರ್ಸೆಂಟು ತಂತ್ರಜ್ಞಾನದ ಬೆಲೆ ಅಲ್ಲ ರಾಯರೇ, ಸಂಕೋಚದ ಬಾಡಿಗೆ. ತಿಂಗಳು ತಿಂಗಳು ಅವನು ಕೇಳ್ತಾನೆ, ಇವಳು ಸುಮ್ಮನೆ ಹಾಡ್ತಾಳೆ. ನನಗಂತೂ ಅದು ದುಬಾರಿ ಅನ್ನಿಸಲ್ಲ.

"ಯುಪಿಐನಲ್ಲೂ ಆಟೋಪೇ ಇದೆ," ಅಂತ ರಾಯರು ಸೋಲೊಪ್ಪಲಿಲ್ಲ. ಇದೆ. ಕಾರ್ಡಿನದ್ದೂ ಇದೆ. ಆದರೆ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ತಾನಾಗೇ ಕಡಿತವಾಗುವ ಮೊತ್ತಕ್ಕೆ ಮೊದಲು ಒಂದು ಸಲ ಒಟಿಪಿ ಕೊಟ್ಟು ನೋಂದಾಯಿಸಬೇಕು, ಆಮೇಲೆ ಪ್ರತಿ ಸಲವೂ ಕಡಿತಕ್ಕೆ ಒಂದು ದಿನ ಮೊದಲು ಸಂದೇಶ ಬರಬೇಕು. ಗ್ರಾಹಕರ ರಕ್ಷಣೆಗೆ ಒಳ್ಳೆಯದೇ. ಗಮಕಿಗೆ ಮಾತ್ರ ಕಷ್ಟ. ಪ್ರತಿ ತಿಂಗಳೂ "ನಾಳೆ ನಿಮ್ಮ ನೂರು ರೂಪಾಯಿ ಹೋಗುತ್ತೆ" ಅಂತ ನೆನಪಿಸಿದರೆ ಯಾವ ಮಧ್ಯಮ ವರ್ಗದವನು ಒಂದು ಗಳಿಗೆ ಯೋಚಿಸದೆ ಇರುತ್ತಾನೆ?

ಕೊನೆಗೆ ಹುಡುಗಿಯೇ ಇತ್ಯರ್ಥ ಮಾಡಿದಳು. ಕೇಳುಗರಲ್ಲಿ ಯಾರು ಎಲ್ಲಿದ್ದಾರೆ ಅಂತ ಯೂಟ್ಯೂಬಿನ ಲೆಕ್ಕ ತೆಗೆದು ನೋಡಿದಳು. ಅರ್ಧಕ್ಕಿಂತ ಎಷ್ಟೋ ಹೆಚ್ಚು ಮಂದಿ ಇಲ್ಲಿನವರೇ. ಆದರೆ ತಿಂಗಳು ತಿಂಗಳು ಕೊಟ್ಟು ಅಭ್ಯಾಸ ಇರುವವರು ಹೊರಗಿನವರು. ಹಾಗಾಗಿ ಹೊರಗಿನವರಿಗೆ ಪೇಟ್ರಿಯಾನ್. ಇಲ್ಲಿನವರಿಗೆ ರೇಜರ್‌ಪೇ ಪುಟದಲ್ಲಿ ವರ್ಷದ ಚಂದಾ, ಒಂದೇ ಸಲ, ರಸೀದಿ ಸಮೇತ. ವರ್ಷದ ಚಂದಾ ಅಂದರೆ ನಮ್ಮವರಿಗೆ ಗೊತ್ತು; 'ಕಸ್ತೂರಿ', 'ಮಯೂರ' ತರಿಸಿದವರು. ರಸೀದಿ ಬಂದರೆ ಅದನ್ನು ಫೈಲು ಮಾಡುವ ಮಂದಿ ಬನಶಂಕರಿ ಎರಡನೇ ಸ್ಟೇಜಿನಲ್ಲಿ ಇನ್ನೂ ಇದ್ದಾರೆ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಈ ತಾಣಗಳಲ್ಲಿ ಸದಸ್ಯರಿಗೆ ಮೆಟ್ಟಿಲು ಇರಬೇಕಂತೆ, ಪ್ರತಿ ಮೆಟ್ಟಿಲಿಗೂ ಒಂದು ಹೆಸರು. ಹುಡುಗಿಗೆ ತಮಾಷೆ ಹೊಳೆಯಿತು. ಕಡಿಮೆ ಕೊಡುವವರು 'ಬ್ಲಾಕು', ಮಧ್ಯದವರು 'ಫೇಸು', ಎಲ್ಲಕ್ಕಿಂತ ಮೇಲೆ 'ಸ್ಟೇಜು'. ಜಯನಗರಕ್ಕೆ ಬ್ಲಾಕು, ಜೆ.ಪಿ. ನಗರಕ್ಕೆ ಫೇಸು, ಬನಶಂಕರಿಗೆ ಸ್ಟೇಜು. ನನಗೆ ಬಹಳ ಇಷ್ಟವಾಯಿತು. ರಾಯರು ಮಾತ್ರ ಉರಿದುಬಿದ್ದರು. "ಜಯನಗರ ಅಂದರೆ ಅಗ್ಗವಾ? 1948ರಲ್ಲಿ ಅಡಿಗಲ್ಲು ಹಾಕಿದ ಬಡಾವಣೆ ಇದು! ಸೈಟಿನ ರೇಟು ಗೊತ್ತಾ ನಿನಗೆ? ಬನಶಂಕರಿಯವರು ನಮ್ಮ ಮೇಲೆ ಕೂರಬೇಕಾ?" ಅವರ ಮನೆಯಾಕೆಯ ತವರು ಬನಶಂಕರಿ. ಆ ಸಂಜೆ ಗೋಡೆ ಆಚೆಯಿಂದ ಕಾಫಿ ವಾಸನೆ ಬರಲಿಲ್ಲ. ಬಿಟಿಎಂ ಲೇಔಟಿನ ಎಡಿಟಿಂಗ್ ಹುಡುಗ ಫೋನಿನಲ್ಲೇ ತನ್ನ ತಕರಾರು ದಾಖಲಿಸಿದ: ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರು ಸೇರಿದರೂ ನಮಗೊಂದು ಮೆಟ್ಟಿಲು ಇಲ್ಲವಾ? ಹೆಸರುಗಳನ್ನು ಕೈಬಿಟ್ಟು 'ಆದಿ', 'ಸಭಾ', 'ಅರಣ್ಯ' ಅಂತ ಪರ್ವಗಳ ಹೆಸರಿಡಲಾಯಿತು. ಹೆಚ್ಚು ಕೊಟ್ಟವರು ಅರಣ್ಯಕ್ಕೆ ಹೋಗುತ್ತಾರೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಡಾಲರು ಬಂದಾಗಿನ ಕತೆ ಇನ್ನೂ ಚೆನ್ನ. ಹೊರಗಿನಿಂದ ಬರುವ ದುಡ್ಡಿಗೆಲ್ಲ ರಿಸರ್ವ್ ಬ್ಯಾಂಕಿಗೆ ಒಂದು ಪರ್ಪಸ್ ಕೋಡು ಹೇಳಬೇಕು, ಯಾತಕ್ಕೆ ಬಂತು ಅಂತ. ಕೌಂಟರಿನ ಹುಡುಗ, ಸಾಫ್ಟ್‌ವೇರ್ ಅಂತ ಹಾಕ್ಲಾ ಮೇಡಂ ಅಂದನಂತೆ. ಬೆಂಗಳೂರಿಗೆ ಬರುವ ಡಾಲರೆಲ್ಲ ಅವನ ಲೆಕ್ಕದಲ್ಲಿ ಸಾಫ್ಟ್‌ವೇರೇ. ರಾಯರು ಜೊತೆಗೇ ಹೋಗಿದ್ದರು, ಕೋಟು ಹಾಕಿಕೊಂಡು. ದೇಣಿಗೆ ಅಂತ ಯಾವ ಕಾರಣಕ್ಕೂ ಬರೆಯಕೂಡದು, ಹೊರದೇಶದ ದೇಣಿಗೆಗೆ ಕಾನೂನೇ ಬೇರೆ; ಇದು ಸದಸ್ಯರಿಗೆ ಕೊಡುವ ಸೇವೆಗೆ ಬಂದ ಶುಲ್ಕ, ಆಡಿಯೋ-ವಿಶುವಲ್ ಸೇವೆಗಳ ಕೋಡು ಹಾಕಪ್ಪ, ಅಂತ ನಿಂತಲ್ಲೇ ಪಾಠ ಮಾಡಿದರು. ಹಿಂದೆ ಪೆನ್ಷನ್ನಿಗೆ ಕಾದಿದ್ದವರು ಗದುಗಿನ ಭಾರತ ಆಡಿಯೋ-ವಿಶುವಲ್ ಹೌದೋ ಅಲ್ಲವೋ ಅಂತ ಎರಡು ಪಕ್ಷವಾದರು. ಆದಾಯ ತೆರಿಗೆಗೆ ಇದನ್ನು ತೋರಿಸಲೇಬೇಕು, ಜಿಎಸ್‌ಟಿ ನೋಂದಣಿಯ ಚಿಂತೆ ವರ್ಷಕ್ಕೆ 20 ಲಕ್ಷದ ಹತ್ತಿರ ಹೋದಾಗ ಅಂತ ಆಡಿಟರೂ ಹೇಳಿದರು. ಇಪ್ಪತ್ತು ಲಕ್ಷ ಅಂದದ್ದೇ ರಾಯರ ಮನೆಯಾಕೆ ನಕ್ಕದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಈಗ ಹೊಸ ತಲೆನೋವು ಶುರುವಾಗಿದೆ. ಟೆಕ್ಸಾಸಿನ ಹಿರಿಯರೊಬ್ಬರು 'ಅರಣ್ಯ'ಕ್ಕೆ ಸೇರಿ ಒಂದು ವರ್ಷದ ದುಡ್ಡನ್ನು ಒಟ್ಟಿಗೇ ಕಟ್ಟಿದ್ದಾರೆ. ಜೊತೆಗೊಂದು ಇಮೇಲು: ಮೊಮ್ಮಗನ ಉಪನಯನ ಇದೆ, ಜೂಮ್‌ನಲ್ಲಿ ಅರ್ಧ ಗಂಟೆ ಓದಬೇಕು, ನಮ್ಮ ಶನಿವಾರ ಬೆಳಿಗ್ಗೆ ಅಂದರೆ ನಿಮ್ಮ ರಾತ್ರಿ, ಹೇಗೂ ನಾನು ನಿಮ್ಮ ಸದಸ್ಯ ತಾನೇ, ಬೇರೆ ಏನೂ ಕೊಡಬೇಕಾಗಿಲ್ಲವಲ್ಲ? ಹುಡುಗಿಗೆ ಇಲ್ಲ ಅನ್ನಲು ಸಂಕೋಚ. ಅದಕ್ಕೆ ಬಾಡಿಗೆ ತೆತ್ತು ತಪ್ಪಿಸಿಕೊಳ್ಳುವ ತಾಣ ಇನ್ನೂ ಬಂದಿಲ್ಲ. ಉತ್ತರದ ಕರಡನ್ನು ರಾಯರೇ ಬರೆಯುತ್ತಿದ್ದಾರೆ. ನಿನ್ನೆ ಗೋಡೆ ಮೇಲಿಟ್ಟು ನನಗೆ ಓದಿ ತೋರಿಸಿದರು. "ತಮ್ಮ ಪತ್ರವು ತಲುಪಿದ್ದು, ಅದರಲ್ಲಿನ ವಿಷಯವನ್ನು ಗಮನಿಸಲಾಗಿದೆ" ಎಂದು ಶುರುವಾಗುತ್ತದೆ. ಮುಂದೆ ಇನ್ನೂ ಹೋಗಿಲ್ಲ.